ಇಂಜಿನ್ ಕೂಗುತ್ತದೆ, ಬೋಟ್ ಹೋಗುವುದಿಲ್ಲ: ಹಳೆ ಸ್ಟರ್ನ್‌ಡ್ರೈವ್‌ನಲ್ಲಿ ದೋಷ ಹುಡುಕುವ ಬಗೆ

ತುಂಗಭದ್ರಾ ಹಿನ್ನೀರಿನಲ್ಲಿ ಕಾಣುವುದು ಹೆಚ್ಚಾಗಿ ಹರಿಗೋಲು, ಇಲ್ಲವೇ ಹಿಂದೆ ಔಟ್‌ಬೋರ್ಡ್ ಮೋಟಾರು ಕಟ್ಟಿದ ಫೈಬರ್ ದೋಣಿ. ಇಂಜಿನ್ ಬೋಟಿನ ಹೊಟ್ಟೆಯೊಳಗೆ, ಪಂಕ (ಪ್ರೊಪೆಲ್ಲರ್) ಮಾತ್ರ ಹಿಂಬದಿ ಹಲಗೆಯ ಆಚೆ ಇರುವ ಸ್ಟರ್ನ್‌ಡ್ರೈವ್ ಬೋಟು ಅಪರೂಪ. ಇಂಥದ್ದೊಂದು ಮುನಿರಾಬಾದ್ ಕಡೆಯ ದಂಡೆಯಲ್ಲಿ ಕೆಟ್ಟು ನಿಂತರೆ ಬರುವವನು ಬೋಟ್ ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ ಇಂಜಿನ್ ಬಿಚ್ಚುವವನು, ಗಂಗಾವತಿಯಲ್ಲಿ ಭತ್ತ ಕೊಯ್ಯುವ ಮಷೀನಿನ ಗೇರ್‌ಬಾಕ್ಸ್ ಕಟ್ಟುವವನು, ಇಲ್ಲವೇ ಬಳ್ಳಾರಿಯ ಲಾರಿ ಗ್ಯಾರೇಜಿನವನು. ಕೈಯಲ್ಲಿ ಕೆಲಸ ಇದ್ದೇ ಇರುತ್ತದೆ. ತೊಂದರೆ ಆಗುವುದು ಎಲ್ಲಿ ಅಂದರೆ, ಬಂದವನು ಮೊದಲು ಪಾನಾ ಹಿಡಿಯುತ್ತಾನೆ, ಆಮೇಲೆ ಪ್ರಶ್ನೆ ಕೇಳುತ್ತಾನೆ. ಈ ಯಂತ್ರದಲ್ಲಿ ಅದು ಉಲ್ಟಾ ಆಗಬೇಕು. ಡ್ರೈವ್, ಅಂದರೆ ಹಲಗೆಯ ಆಚೆ ಇರುವ ಗೇರಿನ ಭಾಗ, ಅದನ್ನು ಇಳಿಸುವ ಮೊದಲೇ ದೋಷ ಯಾವ ತುಂಡಿನಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಅದಕ್ಕೆ ಬೇಕಾದದ್ದು ಕಿವಿ, ಒಂದು ಮಾರ್ಕರ್ ಪೆನ್ನು, ಒಂದು ಬಿಳಿ ಬಟ್ಟಲು.

ಇಲ್ಲಿ ಬರೆದಿರುವುದು ಮರ್ಕ್ರೂಸರ್ ಆಲ್ಫಾ ಒನ್ ಡ್ರೈವ್, ಅದರ ಮುಂದೆ 3.0 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಇರುವ ಜೋಡಿಯ ಬಗ್ಗೆ. ಹಳೆ ಬೋಟುಗಳಲ್ಲಿ ಬಹಳ ಸಾಮಾನ್ಯವಾದ ಜೋಡಿ ಅದು. ವೋಲ್ವೊ ಪೆಂಟಾ ಕಂಪನಿಯದು ಇದ್ದರೆ ಯೋಚನೆಯ ದಾರಿ ಅದೇ, ಬಿಚ್ಚುವ ಕ್ರಮ ಮತ್ತು ಅಳತೆ ಬೇರೆ.

ಶಕ್ತಿ ಹೋಗುವ ದಾರಿ

ಇಂಜಿನ್ನಿನ ಫ್ಲೈವೀಲ್‌ಗೆ ಒಂದು ಕಪ್ಲರ್ ಕೂತಿರುತ್ತದೆ, ಅದರ ನಡುವೆ ರಬ್ಬರ್. ಕಪ್ಲರಿನ ಹಲ್ಲುಗಳೊಳಗೆ ಒಂದು ಶಾಫ್ಟ್ ಹೋಗಿ, ಹಿಂಬದಿ ಹಲಗೆಯಲ್ಲಿರುವ ಗಿಂಬಲ್ ಬೇರಿಂಗ್ ದಾಟಿ, ಹೊರಗೆ ಎರಡು ಕ್ರಾಸ್ ಜಾಯಿಂಟ್‌ಗೆ ಸೇರುತ್ತದೆ. ಡ್ರೈವ್ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಆಡುವುದು ಈ ಕ್ರಾಸ್‌ಗಳಿಂದ. ಅವನ್ನು ನೀರಿನಿಂದ ಕಾಯುವುದು ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೆಲ್ಲೋಸ್. ಅಲ್ಲಿಂದ ಮೇಲಿನ ಗೇರ್ ಜೋಡಿ ತಿರುಗುವಿಕೆಯನ್ನು ಕೆಳಕ್ಕೆ ಹೊರಳಿಸುತ್ತದೆ. ನಿಂತ ಶಾಫ್ಟ್ ಕೆಳಗಿಳಿದು ಇನ್ನೊಂದು ಗೇರ್ ಜೋಡಿಯನ್ನು, ಅಂದರೆ ಫಾರ್ವರ್ಡ್ ಒಂದು, ರಿವರ್ಸ್ ಒಂದು, ಎದುರುಬದುರಾಗಿ ತಿರುಗಿಸುತ್ತದೆ. ಪಂಕದ ಶಾಫ್ಟಿನ ಮೇಲೆ ಜಾರುವ ಹಲ್ಲಿನ ಕ್ಲಚ್ ಯಾವುದಕ್ಕೆ ಕಚ್ಚಿತೋ ಆ ಕಡೆ ಪಂಕ. ಪಂಕದ ಗುಂಬದೊಳಗೆ ಮತ್ತೆ ಒಂದು ರಬ್ಬರ್ ಹಬ್.

ಇದರಲ್ಲಿ ಮೂರು ಮಾತು ತಲೆಯಲ್ಲಿ ಇಟ್ಟುಕೊಳ್ಳಬೇಕು. ದಾರಿಯಲ್ಲಿ ರಬ್ಬರ್ ಎರಡು ಕಡೆ ಇದೆ: ಒಂದು ಇಂಜಿನ್ ತುದಿಯಲ್ಲಿ, ಒಂದು ಪಂಕದ ತುದಿಯಲ್ಲಿ. ಜಾರಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದು, ನ್ಯೂಟ್ರಲ್‌ನಲ್ಲೂ ಪಂಕದ ಶಾಫ್ಟ್ ಒಂದನ್ನು ಬಿಟ್ಟು ಉಳಿದದ್ದೆಲ್ಲಾ ತಿರುಗುತ್ತಲೇ ಇರುತ್ತದೆ. ಮೂರನೆಯದು, ಇಂಜಿನ್ನಿಗೆ ತಂಪು ನೀರು ಕೊಡುವ ಪಂಪು ಇಂಜಿನ್ ಮೇಲಿಲ್ಲ, ಡ್ರೈವ್ ಒಳಗಿನ ನಿಂತ ಶಾಫ್ಟಿನ ಮೇಲಿದೆ. ಈ ಮೂರರ ಮೇಲೆಯೇ ಮುಂದಿನ ಲೆಕ್ಕವೆಲ್ಲಾ ನಿಂತಿದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಇನ್ನೊಂದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಟ್ರ್ಯಾಕ್ಟರಿನಲ್ಲಿ ಆದಂತೆ ಗಾಳಿಗೆ ಹಾರಿಹೋಗುವುದಿಲ್ಲ. ಇಂಜಿನ್ ಮುಚ್ಚಳ ತೆಗೆದು ಮೂಗಿನಿಂದ ನೋಡಿ, ಆವಿ ಹೊರಗೆ ತಳ್ಳುವ ಬ್ಲೋವರನ್ನು ನಾಲ್ಕು ನಿಮಿಷವಾದರೂ ಓಡಿಸಿ, ಆಮೇಲೆ ಚಾವಿ ತಿರುಗಿಸಿ. ಇದೇ ಕಾರಣಕ್ಕೆ ಸ್ಟಾರ್ಟರ್, ಆಲ್ಟರ್ನೇಟರ್ ಹೋದಾಗ ಬಳ್ಳಾರಿಯಲ್ಲಿ ಸಿಗುವ ಕಾರಿನದನ್ನು ತಂದು ಹಾಕಬಾರದು. ಬೋಲ್ಟ್ ಕೂತರೂ ಕೂರಬಹುದು. ಬೋಟಿನದರಲ್ಲಿ ಕಿಡಿ ಹೊರಗೆ ಬಾರದ ಹಾಗೆ ಬಂದೋಬಸ್ತು ಇರುತ್ತದೆ, ಕಾರಿನದರಲ್ಲಿ ಇರುವುದಿಲ್ಲ. ಪಂಕದ ಹತ್ತಿರ ಕೈ ಹಾಕುವಾಗ ಚಾವಿ ನಿಮ್ಮ ಜೇಬಿನಲ್ಲೇ ಇರಲಿ.

"ಕೂಗತೈತ್ರೀ, ಹೋಗವಲ್ದು"

ಹೆಚ್ಚಾಗಿ ಬರುವ ದೂರು ಇದು. ಬೋಟಿನ ಹುಡುಗ ಹೇಳುವುದು ಇಷ್ಟೇ: "ರೇಸ್ ಕೊಟ್ರ ಇಂಜಿನ್ ಕೂಗತೈತ್ರೀ ಅಣ್ಣಾರ, ಬೋಟ್ ಹೋಗವಲ್ದು." ಆಗ ಕೇಳಬೇಕಾದ ಪ್ರಶ್ನೆ ಒಂದೇ: "ಮೆಲ್ಲಗ ಹೊಂಟಾಗ ಹೋಗತೈತೇನು?"

ಮೆಲ್ಲಗೆ ಸರಿಯಾಗಿ ಹೋಗಿ, ಜೋರಾಗಿ ರೇಸ್ ಕೊಟ್ಟಾಗ ಮಾತ್ರ ಇಂಜಿನ್ ಒಮ್ಮೆಗೇ ಏರಿ ಬೋಟು ಹಿಂದೆ ಬಿದ್ದರೆ ಮೊದಲ ಅನುಮಾನ ಪಂಕದ ಹಬ್ಬಿನ ಮೇಲೆ. ಕಲ್ಲಿಗೆ ಬಡಿದಾಗ ಗೇರ್ ಮುರಿಯದಿರಲಿ ಎಂದೇ ಅಲ್ಲಿ ರಬ್ಬರ್ ಇಟ್ಟಿರುತ್ತಾರೆ. ನಮ್ಮ ಜಲಾಶಯದಲ್ಲಿ ಅದಕ್ಕೆ ಕೆಲಸ ಜಾಸ್ತಿ. ಸಮುದ್ರಮಟ್ಟದ ಲೆಕ್ಕದಲ್ಲಿ 1,633 ಅಡಿಗೆ ತುಂಬಿ ನಿಂತಾಗ ಆಳದಲ್ಲಿ ಮುಳುಗಿದ್ದ ಬಂಡೆ, ಕಾಲುವೆಗೆ ನೀರು ಬಿಡುತ್ತಾ ಬಿಡುತ್ತಾ ಫೆಬ್ರವರಿ ಹೊತ್ತಿಗೆ ಪಂಕದ ಎತ್ತರಕ್ಕೆ ಬಂದಿರುತ್ತದೆ. ಪರೀಕ್ಷೆ ಸುಲಭ. ಪಂಕದ ಹಿಂಬದಿಯಲ್ಲಿ, ನಡುವಿನ ಹಬ್ಬಿನಿಂದ ಹೊರಗಿನ ಗುಂಬದವರೆಗೆ ಮಾರ್ಕರ್‌ನಿಂದ ಒಂದು ನೇರ ಗೆರೆ ಎಳೆಯಿರಿ. ಬೋಟನ್ನು ನೀರಿಗಿಳಿಸಿ ಒಂದೆರಡು ಸಲ ಜೋರಾಗಿ ರೇಸ್ ಕೊಟ್ಟು ಮರಳಿ ಬನ್ನಿ. ಗೆರೆ ಎರಡಾಗಿ ಮುರಿದಿದ್ದರೆ ಹಬ್ ಜಾರಿದೆ. ಡ್ರೈವ್ ಮುಟ್ಟುವ ಅಗತ್ಯವೇ ಇಲ್ಲ.

ಗೆರೆ ನೇರವಾಗಿಯೇ ಇದ್ದರೆ? ಆಗ ಟೆಂಪರೇಚರ್ ಮುಳ್ಳು ನೋಡಬೇಕು. ಬಹಳ ಜನ ಇದನ್ನು ಗಮನಿಸುವುದಿಲ್ಲ, ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ನೀರಿನ ಪಂಪು ಡ್ರೈವ್ ಒಳಗಿದೆ ಎಂದೆನಲ್ಲ. ಇಂಜಿನ್ ತುದಿಯ ಕಪ್ಲರ್ ಪೂರ್ತಿ ಕಿತ್ತುಹೋಗಿದ್ದರೆ ಡ್ರೈವ್‌ಗೆ ತಿರುಗುವಿಕೆಯೇ ಬರುವುದಿಲ್ಲ, ಪಂಪೂ ನಿಲ್ಲುತ್ತದೆ. ಬೋಟು ಹೋಗದಿರುವುದರ ಜೊತೆಗೇ ಮುಳ್ಳು ಮೇಲೇರುತ್ತದೆ. ಪಂಕದ ಹಬ್ ಜಾರಿದಾಗಲೋ, ಕೆಳಗಿನ ಕ್ಲಚ್ ಕಚ್ಚದಿದ್ದಾಗಲೋ ಹಾಗಾಗುವುದಿಲ್ಲ, ಪಂಪು ತನ್ನ ಪಾಡಿಗೆ ನೀರು ಎತ್ತುತ್ತಿರುತ್ತದೆ. ಹಾಗಾಗಿ "ಹೋಗವಲ್ದು, ಕಾದೂ ಹೋಗತೈತಿ" ಅಂದರೆ ಕಪ್ಲರ್. "ಹೋಗವಲ್ದು, ಕಾಯಂಗಿಲ್ಲ" ಅಂದರೆ ಕೆಳಗಡೆ ನೋಡಿ. ಕಪ್ಲರ್ ಅರ್ಧ ಜಾರುತ್ತಿದ್ದರೆ ಇಂಜಿನ್ ಹಿಂಬದಿಯಲ್ಲಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಫ್ಲೈವೀಲ್ ಕವರಿನ ಕೆಳಗೆ ಕರಿ ಪುಡಿ ಉದುರಿರುತ್ತದೆ. ಪಂಪು ಇಂಜಿನ್ ಮೇಲೆ ಬೆಲ್ಟಿನಿಂದ ಓಡುವ ಮರ್ಕ್ರೂಸರ್ ಬ್ರಾವೊ ಡ್ರೈವ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ.

ಕೆಳಗಿನ ಕ್ಲಚ್ಚಿನ ಪರೀಕ್ಷೆ ಕೈಯಿಂದ. ಇಂಜಿನ್ ಬಂದ್, ಚಾವಿ ಹೊರಗೆ. ನ್ಯೂಟ್ರಲ್‌ನಲ್ಲಿ ಪಂಕ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಒಬ್ಬರು ಲಿವರನ್ನು ಫಾರ್ವರ್ಡಿಗೆ ಹಾಕುವಾಗ ಇನ್ನೊಬ್ಬರು ಪಂಕವನ್ನು ಮೆಲ್ಲಗೆ ತಿರುಗಿಸಬೇಕು, ಇಲ್ಲದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿ ಕೂರುವುದಿಲ್ಲ. ಕೂತ ಮೇಲೆ ಒಂದು ಕಡೆ ತಿರುಗಿಸಿದರೆ ಕಟಕಟ ಎಂದು ಜಾರುತ್ತದೆ, ಇನ್ನೊಂದು ಕಡೆ ಗಟ್ಟಿ ಹಿಡಿಯುತ್ತದೆ. ರಿವರ್ಸ್‌ನಲ್ಲಿ ಎರಡೂ ಕಡೆ ಗಟ್ಟಿ. ಫಾರ್ವರ್ಡ್‌ನಲ್ಲಿ ಎರಡೂ ಕಡೆ ಜಾರಿದರೆ ಹಲ್ಲಿನ ಮೂಲೆ ಸವೆದಿದೆ, ಇಲ್ಲವೇ ಶಿಫ್ಟ್ ಕೇಬಲ್ ಪೂರ್ತಿ ದೂರ ಹೋಗುತ್ತಿಲ್ಲ. ಎರಡನೆಯದೇ ಇರುವ ಸಾಧ್ಯತೆ ಹೆಚ್ಚು, ಅದು ಕಡಿಮೆ ಖರ್ಚಿನದೂ ಹೌದು. ಮೊದಲು ಅದನ್ನೇ ನೋಡಿ.

ಆಯಿಲ್ ಏನು ಹೇಳುತ್ತದೆ

ಬೋಟನ್ನು ರಾತ್ರಿಯಿಡೀ ಡ್ರೈವ್ ಕೆಳಗಿಳಿಸಿ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಕೆಳಗಿನ ಡ್ರೈನ್ ಸ್ಕ್ರೂವನ್ನು ಪೂರ್ತಿ ತೆಗೆಯದೆ, ಒಂದು ಹನಿ ಬರುವಷ್ಟು ಸಡಿಲಿಸಿ, ಬಿಳಿ ಬಟ್ಟಲು ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ಇದ್ದರೆ ಅದೇ ಮೊದಲು ಬರುತ್ತದೆ. ಮೊದಲ ಹನಿಗಳು ತಿಳಿನೀರಾಗಿ ಬಂದು ಆಮೇಲೆ ಆಯಿಲ್ ಬಂದರೆ ನೀರು ಸೇರಿದ್ದು ಈಚೆಗೆ, ಇನ್ನೂ ಗೇರಿನಲ್ಲಿ ಕಲಸಿಲ್ಲ. ಚಹಾದ ಬಣ್ಣಕ್ಕೆ ತಿರುಗಿ ನೊರೆನೊರೆಯಾಗಿ ಬಂದರೆ ನೀರು ಸೇರಿ ಬಹಳ ಓಡಿದೆ. ಕರ್ರಗಾಗಿ ಸುಟ್ಟ ವಾಸನೆ ಬಂದರೆ ನೀರಿಲ್ಲ, ಆಯಿಲ್ ಕಡಿಮೆ ಇಟ್ಟು ಓಡಿಸಿದ್ದಾರೆ. ಬಟ್ಟಲಿನಲ್ಲಿ ಬೆರಳಾಡಿಸಿ ನೋಡಿ. ಬೂದಿಯಂಥ ನುಣ್ಣನೆಯ ಪುಡಿ ಹಳೆ ಡ್ರೈವ್‌ನಲ್ಲಿ ಇರುವಂಥದ್ದೇ. ಉಗುರಿಗೆ ತಾಗುವ ಚೂರು ಸಿಕ್ಕರೆ ಸೀಲ್ ಬದಲಿಸುವ ಮಾತು ಬಿಟ್ಟು ಗೇರ್‌ಕೇಸ್ ಬಿಚ್ಚುವ ಮಾತಾಡಿ.

ನೀರು ಇದೆ ಎಂದಾದರೆ ಎಲ್ಲಿಂದ ಬಂತು? ಇಲ್ಲಿನ ಬೋಟುಗಳಲ್ಲಿ ಮೊದಲು ಪಂಕ ಬಿಚ್ಚಿ ಅದರ ಹಿಂದೆ ನೋಡುವುದು ಒಳ್ಳೆಯದು. ಪಂಕ, ಅದರ ಮುಂದಿನ ದಪ್ಪ ವಾಶರ್ ಎರಡನ್ನೂ ಎಳೆದ ಮೇಲೆ ಶಾಫ್ಟಿನ ಬುಡದಲ್ಲಿ ಸೀಲ್ ಕಾಣುತ್ತದೆ. ಮೀನಿನ ಬಲೆಯ ನೈಲಾನ್ ನೂಲು ಅಲ್ಲಿ ಸುತ್ತಿಕೊಂಡು, ತಿಕ್ಕಿ ತಿಕ್ಕಿ ಕಾದು ಕರಗಿ, ಗಾಜಿನ ಬಳೆಯಂತೆ ಹೊಳೆಯುವ ಒಂದು ಗಟ್ಟಿ ಉಂಗುರವಾಗಿ ಕೂತಿರುತ್ತದೆ. ಉಗುರಿಗೆ ಬರುವುದಿಲ್ಲ, ಚಾಕುವಿನ ತುದಿಯಿಂದ ಕೊಯ್ದು ಎಳೆಯಬೇಕು, ಎಳೆದರೆ ಒಳಗಿಂದ ಇನ್ನೂ ನಾಲ್ಕು ಸುತ್ತು ಹಸಿರು ನೂಲು ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅದು ಸೀಲಿನ ತುಟಿಯನ್ನು ಕೊಯ್ದು, ಶಾಫ್ಟಿನ ಮೇಲೂ ಗೀರು ಹಾಕಿರುತ್ತದೆ. ಜಲಾಶಯದ ಮೀನುಗಾರರ ಬಲೆ ಇರುವುದೇ ನೀರಿನಲ್ಲಿ, ಅವರನ್ನು ದೂರಿ ಉಪಯೋಗವಿಲ್ಲ. ಬಲೆಯ ಮೇಲೆ ಬೋಟ್ ಹತ್ತಿಸಿದವನು ಅವತ್ತೇ ಪಂಕ ಬಿಚ್ಚಿ ನೋಡಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ನೂಲು ಸಿಗಲಿ ಬಿಡಲಿ, ಗಾಳಿ ಪರೀಕ್ಷೆ ಮಾಡದೆ ಸೀಲ್ ಬದಲಿಸಬೇಡಿ. ಆಯಿಲ್ ಪೂರ್ತಿ ಇಳಿಸಿ, ಮೇಲಿನ ವೆಂಟ್ ತೂತಿಗೆ ಗೇಜ್ ಇರುವ ಕೈಪಂಪು ಜೋಡಿಸಿ. ಮೊದಲು 3ರಿಂದ 5 ಪಿಎಸ್‌ಐ ಹಾಕಿ ನೋಡಿ, ಆಮೇಲೆ 10ರಿಂದ 15ರವರೆಗೆ ಏರಿಸಿ. ಕಡಿಮೆ ಒತ್ತಡದಲ್ಲಿ ಯಾಕೆ ಅಂದರೆ, ಕೆಲವು ಸವೆದ ಸೀಲು ಜೋರು ಗಾಳಿ ಬಂದಾಗ ಉಬ್ಬಿ ಮುಚ್ಚಿಕೊಳ್ಳುತ್ತವೆ, ಮೆಲ್ಲಗೆ ಕೊಟ್ಟಾಗಲೇ ಸೋರುತ್ತವೆ. ಒತ್ತಡ ಹಾಕಿದ ಮೇಲೆ ಪಂಕದ ಶಾಫ್ಟನ್ನು ಕೈಯಿಂದ ತಿರುಗಿಸಿ, ಗೇರ್ ಲಿವರ್ ಆಡಿಸಿ, ಸಾಬೂನು ನೀರು ಸಿಂಪಡಿಸಿ ಗುಳ್ಳೆ ನೋಡಿ. ಹದಿನೈದು ನಿಮಿಷ ಮುಳ್ಳು ಇಳಿಯಬಾರದು. ಇಷ್ಟರಲ್ಲಿ ಪಾಸಾದರೂ ಆಯಿಲ್‌ನಲ್ಲಿ ನೀರು ಇತ್ತಲ್ಲ ಅಂತ ತಲೆ ಕೆರೆದುಕೊಳ್ಳುವವರು ಇದ್ದಾರೆ. ಪಂಕದ ಶಾಫ್ಟಿನಲ್ಲಿ ಸೀಲು ಎರಡು, ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಒಂದು ಆಯಿಲ್ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಇನ್ನೊಂದು ನೀರು ಒಳಗೆ ಬರದ ಹಾಗೆ. ಗಾಳಿ ತುಂಬಿದಾಗ ಪರೀಕ್ಷೆ ಆಗುವುದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ವ್ಯಾಕ್ಯೂಮ್ ಎಳೆದು ನೋಡಬೇಕು. ಕಾರಿನ ಬ್ರೇಕ್ ಬ್ಲೀಡ್ ಮಾಡುವ ಕೈಪಂಪು ಇದಕ್ಕೆ ಸಾಕು.

ಆಯಿಲ್ ಸೀಲನ್ನು ಮೈಮೇಲಿನ ಅಳತೆ ಓದಿ ಗಂಗಾವತಿ, ಬಳ್ಳಾರಿಯ ಬೇರಿಂಗ್ ಅಂಗಡಿಯಲ್ಲಿ ಹೊಂದಿಸಿ ತರುವುದಕ್ಕೆ ನನ್ನ ಅಭ್ಯಂತರವಿಲ್ಲ, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯದ ಉಕ್ಕಿನದು ಆಗಿದ್ದರೆ. ಶಾಫ್ಟಿನಲ್ಲಿ ಗೀರಿನ ಕಾಲುವೆ ಬಿದ್ದಿದ್ದರೆ ಹೊಸ ಸೀಲೂ ಅದರ ಮೇಲೇ ಕೂತು ಸೋರುತ್ತದೆ. ಅಲ್ಲಿ ತೆಳು ಸ್ಟೀಲ್ ಸ್ಲೀವ್ ಹೊಡೆಯಬೇಕು, ಇಲ್ಲವೇ ಶಾಫ್ಟ್ ಬದಲಿಸಬೇಕು. ಬೇರಿಂಗ್ ಕ್ಯಾರಿಯರನ್ನು ಹಿಡಿದಿರುವ ದೊಡ್ಡ ರಿಂಗ್ ನಟ್ಟನ್ನು ಉಳಿಯಿಂದ ಹೊಡೆದು ತಿರುಗಿಸುವ ಅಭ್ಯಾಸ ಕೆಟ್ಟದ್ದು. ಅದರ ತೋಡುಗಳಿಗೆ ಸರಿಹೊಂದುವ ಕೀಲಿಯನ್ನು ಯಾವ ಲೇತಿನವರಾದರೂ ಒಂದು ಪೈಪಿನ ತುಂಡಿನಲ್ಲಿ ಕೊರೆದು ಕೊಡುತ್ತಾರೆ. ಮೊದಲು ಲಾಕ್ ತಗಡಿನ ಕಿವಿ ಎಬ್ಬಿಸುವುದು ಮರೆಯಬೇಡಿ. ಒಳಗಿನ ಶಿಮ್‌ಗಳು, ಅಂದರೆ ಅಂತರ ಹೊಂದಿಸುವ ತೆಳು ಬಿಲ್ಲೆಗಳು, ಯಾವ ಜಾಗದಲ್ಲಿ ಎಷ್ಟಿದ್ದವೋ ಅಲ್ಲಿಗೇ ಹೋಗಬೇಕು. ಗೇರ್ ಅಥವಾ ಅದರ ಬೇರಿಂಗ್ ಬದಲಿಸುವ ಮಾತು ಬಂದರೆ ಶಿಮ್ ಅಳತೆ ಹೊಸದಾಗಿ ಆಗಬೇಕು, ಅದು ದಂಡೆಯ ಮೇಲೆ ಆಗುವ ಕೆಲಸವಲ್ಲ.

ಸದ್ದು ಬದಲಾಗುವ ಜಾಗ

ಎಷ್ಟು ಜೋರು ಸದ್ದು ಎಂಬುದಕ್ಕಿಂತ ಯಾವಾಗ ಬದಲಾಗುತ್ತದೆ ಎಂಬುದು ಮುಖ್ಯ. ನ್ಯೂಟ್ರಲ್‌ನಲ್ಲೂ ಇರುವ ಗುರ್ ಎನ್ನುವ ಸದ್ದು ಸ್ಟೀರಿಂಗ್ ತಿರುಗಿಸಿದಾಗ ಏರಿದರೆ ಗಿಂಬಲ್ ಬೇರಿಂಗ್. ತಿರುವಿನಲ್ಲಿ ಅಥವಾ ಡ್ರೈವ್ ಮೇಲೆತ್ತಿದಾಗ ಟಕ್ ಟಕ್ ಎಂದು ಹೊಡೆತ ಕೇಳಿದರೆ ಕ್ರಾಸ್ ಜಾಯಿಂಟ್. ನ್ಯೂಟ್ರಲ್‌ನಲ್ಲಿ ಸುಮ್ಮನಿದ್ದು ಗೇರಿಗೆ ಬಿದ್ದ ಮೇಲೆ ಮಾತ್ರ ನಡುಕ ಬಂದರೆ ಪಂಕ ಇಲ್ಲವೇ ಪಂಕದ ಶಾಫ್ಟ್. ರೆಕ್ಕೆ ಬಾಗಿದೆಯೋ ನೋಡಿ, ಶಾಫ್ಟಿನ ತುದಿಗೆ ಒಂದು ಕಡ್ಡಿ ಹಿಡಿದು ಕೈಯಿಂದ ತಿರುಗಿಸಿದರೆ ಬಾಗಿದ್ದು ಗೊತ್ತಾಗುತ್ತದೆ.

ನೆಲದ ಮೇಲೆ ಓಡಿಸಿ ಕೇಳುವುದಾದರೆ ಪಂಕ ಬಿಚ್ಚಿಡಿ. ನೀರಿನ ತೂತುಗಳಿಗೆ ಎರಡು ರಬ್ಬರ್ ಬಟ್ಟಲಿನ ಫ್ಲಶಿಂಗ್ ಕಿವಿ ಜೋಡಿಸಿ, ನಲ್ಲಿ ಪೂರ್ತಿ ಬಿಟ್ಟ ಮೇಲೆಯೇ ಸ್ಟಾರ್ಟ್ ಮಾಡಿ. ನೀರಿಲ್ಲದೆ "ಒಂದ್ ಸಲ ಬರೇ ಸ್ಟಾರ್ಟ್ ಮಾಡಿ ನೋಡೂಣು" ಅಂದರೆ ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಯ ಚಕ್ರದ, ಅಂದರೆ ಇಂಪೆಲ್ಲರಿನ ರಬ್ಬರ್ ಕೆಲವೇ ಸೆಕೆಂಡಿನಲ್ಲಿ ಸುಡಲು ಶುರುವಾಗುತ್ತದೆ. ಗಿಂಬಲ್ ಹೌಸಿಂಗ್‌ನ ಬಲಬದಿಯಲ್ಲಿ ಬೇರಿಂಗ್‌ಗೆ ಗ್ರೀಸ್ ಹೊಡೆಯುವ ನಿಪ್ಪಲ್ ಇದೆ. ಉದ್ದ ಸ್ಕ್ರೂಡ್ರೈವರಿನ ತುದಿ ಅದರ ಹತ್ತಿರ ಊರಿ, ಹಿಡಿಯನ್ನು ಕಿವಿಗೆ ಇಟ್ಟರೆ ಕೆಟ್ಟ ಬೇರಿಂಗು ಅಡಗಿ ಕೂರುವುದಿಲ್ಲ. ಹೊಸ ಗ್ರೀಸ್ ಹೊಡೆದಾಗ ಸದ್ದು ಕಡಿಮೆಯಾಗಬಹುದು. ಅದನ್ನು ರಿಪೇರಿ ಎಂದು ತಿಳಿಯಬೇಡಿ.

ಡ್ರೈವ್ ಇಳಿಸುವುದು

ಆಲ್ಫಾ ಡ್ರೈವ್ ಇಳಿಸುವಾಗಲೂ ಏರಿಸುವಾಗಲೂ ಲಿವರ್ ಫಾರ್ವರ್ಡ್ ಗೇರಿನಲ್ಲಿ ಇರಬೇಕು, ಇಲ್ಲದಿದ್ದರೆ ಶಿಫ್ಟ್ ಕೊಂಡಿ ಬಿಡುವುದಿಲ್ಲ, ಕೂರುವುದೂ ಇಲ್ಲ. ಡ್ರೈವನ್ನು ಮೇಲೆ ಕೆಳಗೆ ಮಾಡುವ ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ನು ತೆಗೆದು, ಡ್ರೈವ್‌ಗೆ ಕೆಳಗಿನಿಂದ ಆಧಾರ ಕೊಟ್ಟು, ಆರು ನಟ್ಟು ಬಿಚ್ಚಿ. ನಟ್ಟು 5/8 ಇಂಚಿನವು, 16ರ ಪಾನಾ ಹೆಚ್ಚುಕಡಿಮೆ ಕೂರುತ್ತದೆ. ನೇರವಾಗಿ ಹಿಂದಕ್ಕೆ ಎಳೆದರೆ ಬರಬೇಕು. ಬಾರದೆ ಹಟ ಹಿಡಿದರೆ ಶಾಫ್ಟು ಬೇರಿಂಗ್‌ನಲ್ಲಿ ಇಲ್ಲವೇ ಕಪ್ಲರಿನಲ್ಲಿ ತುಕ್ಕು ಹಿಡಿದು ಕಚ್ಚಿದೆ, ಅಂದರೆ ಬೆಲ್ಲೋಸ್ ಸೋರಿ ಬಹಳ ಕಾಲವಾಗಿದೆ. ಎರಡು ಅಲ್ಯೂಮಿನಿಯಂ ಮುಖಗಳ ನಡುವೆ ಚಾಣ ಹೊಡೆಯುವುದೊಂದನ್ನು ಬಿಟ್ಟು ಬೇರೆ ಏನಾದರೂ ಮಾಡಿ. ತುಕ್ಕು ಬಿಡಿಸುವ ಆಯಿಲ್ ಹಾಕಿ ಮರುದಿನ ಬನ್ನಿ, ಮೇಲೆ ಕೆಳಗೆ ಆಡಿಸುತ್ತಾ ಎಳೆಯಿರಿ.

ಇಳಿದ ಮೇಲೆ ಕ್ರಾಸ್‌ಗಳನ್ನು ಎಲ್ಲಾ ಕಡೆಗೂ ಬಗ್ಗಿಸಿ ನೋಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ, ಕಪ್ಪಿನ ಸುತ್ತ ಕೆಂಪು ಪುಡಿ ಇದ್ದರೆ ಬದಲಿಸಿ. ಟ್ರ್ಯಾಕ್ಟರಿನ ಪಿಟಿಓ ಶಾಫ್ಟಿನ ಕ್ರಾಸ್ ನೋಡುವುದಕ್ಕೆ ಹಾಗೇ ಇದೆ ಎಂದು ಒತ್ತಿ ಕೂರಿಸುವವರಿದ್ದಾರೆ. ಪಿಟಿಓಗಿಂತ ಹಲವು ಪಟ್ಟು ವೇಗದಲ್ಲಿ ತಿರುಗುವ ಜಾಗ ಇದು, ಕಳಚಿದರೆ ಬೆಲ್ಲೋಸ್ ಹರಿದು ಬೋಟಿಗೇ ನೀರು. ಗಿಂಬಲ್ ಬೇರಿಂಗನ್ನು ಒಳಗೆ ಬೆರಳು ಹಾಕಿ ತಿರುಗಿಸಿ. ಮರಳು ಅರೆದ ಹಾಗೆ ತಾಗಿದರೆ ಅದೂ ಹೋಗಿದೆ. ಬೆಲ್ಲೋಸನ್ನು ಕೈಯಿಂದ ಬಾಗಿಸಿ, ಮಡಿಕೆಯ ತಳದಲ್ಲಿ ಟಾರ್ಚು ಬಿಟ್ಟು ನೋಡಿ. ಬಿರುಕು ಶುರುವಾಗುವುದು ಅಲ್ಲಿ, ಹೊರಮೈ ಚೆನ್ನಾಗಿಯೇ ಕಾಣುತ್ತಿರುತ್ತದೆ. ರಾಯಚೂರು, ಕೊಪ್ಪಳದ ಬಿಸಿಲಿಗೆ ನಿಂತ ಬೋಟಿನಲ್ಲಿ ರಬ್ಬರಿನ ಆಯುಷ್ಯ ಹೆಚ್ಚಿಲ್ಲ. ಶಿಫ್ಟ್ ಕೇಬಲ್ಲಿಗೆ ಇರುವ ಸಣ್ಣ ಬೆಲ್ಲೋಸನ್ನೂ ಬಿಡಬೇಡಿ. ಅದು ಹರಿದರೆ ನೀರು ನೇರವಾಗಿ ಬೋಟಿನೊಳಗೆ. ಬೆಲ್ಲೋಸ್, ಕ್ರಾಸ್, ಗಿಂಬಲ್ ಬೇರಿಂಗ್ ಈ ಮೂರಕ್ಕೆ ಡ್ರೈವಿನ ಸೀರಿಯಲ್ ನಂಬರ್ ಕೊಟ್ಟು ಗೋವಾ, ಕೊಚ್ಚಿಯಂಥ ಕಡಲೂರಿನಿಂದ ತರಿಸಿಕೊಳ್ಳುವುದೇ ಸರಿ.

ಅಲೈನ್‌ಮೆಂಟ್, ಅಂದರೆ ಕಪ್ಲರೂ ಗಿಂಬಲ್ ಬೇರಿಂಗೂ ಒಂದೇ ನೇರಕ್ಕೆ ಇವೆಯೋ ಎಂದು, ನೋಡದೆ ಡ್ರೈವ್ ಮತ್ತೆ ಏರಿಸಿದರೆ ಹೊಸ ಬೇರಿಂಗು, ಕಪ್ಲರು ಎರಡೂ ಬೇಗ ಹೋಗುತ್ತವೆ. ಅಲೈನ್‌ಮೆಂಟ್ ಕಂಬಿಯ ತುದಿಗೆ ಗ್ರೀಸ್ ಹಚ್ಚಿ ಬೇರಿಂಗ್ ಮೂಲಕ ಕಪ್ಲರಿಗೆ ತೂರಿಸಿ. ಎರಡು ಬೆರಳಿನ ಬಲಕ್ಕೆ ಹೋಗಿ ಬರಬೇಕು, ಗ್ರೀಸ್ ಮೇಲೆ ಹಲ್ಲಿನ ಗುರುತು ಸುತ್ತಲೂ ಸಮನಾಗಿ ಬಿದ್ದಿರಬೇಕು. ಒಂದೇ ಕಡೆ ಬಿದ್ದರೆ ಇಂಜಿನ್ ಮುಂದಿನ ಮೌಂಟಿನ ನಟ್ಟಿನಿಂದ ಏರಿಳಿಸಿ ಸರಿಮಾಡಿ. ಹಿಂದೆಯೇ ಒಂದು ಸಲ ಸರಿಮಾಡಿದ್ದು ಮತ್ತೆ ತಪ್ಪಿದ್ದರೆ ಇಂಜಿನ್ ಬಿಟ್ಟು ಮರ ನೋಡಿ. ಫೈಬರ್ ಒಳಗಿನ ಹಲಗೆ ನೀರು ಕುಡಿದು ಕೊಳೆತಿರುತ್ತದೆ. ಸಣ್ಣ ಸುತ್ತಿಗೆಯಿಂದ ಬಡಿದರೆ ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಕೊಳೆತ ಕಡೆ ಮಂಕು ಸದ್ದು. ಕೊಳೆತ ಹಲಗೆಗೆ ಹೊಸ ಡ್ರೈವ್ ಕಟ್ಟುವುದು ದುಡ್ಡು ದಂಡ.

ಇಂಜಿನ್ ಕಾಯುತ್ತದೆ ಅಂದರೆ ಹೂಳು

ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗಿನ ಲೆಕ್ಕ ಸುಮಾರು 105.8. ನಡುವಿನದೆಲ್ಲಾ ಹೂಳು. ಆ ಹೂಳಿನ ಸ್ವಲ್ಪ ಪಾಲು ಪ್ರತಿ ಬೋಟಿನ ಇಂಪೆಲ್ಲರ್ ಮೂಲಕವೂ ಹಾದುಹೋಗುತ್ತದೆ. ನೀರು ಕಡಿಮೆಯಾಗಿ ದಂಡೆಯ ಕೆಸರಿನ ಮೇಲೆ ಓಡಿಸಿದಾಗಂತೂ ಕೇಳುವುದೇ ಬೇಡ. ಅದಕ್ಕೇ ಇಲ್ಲಿ ಇಂಪೆಲ್ಲರ್ ಒಂದನ್ನೇ ಬದಲಿಸಿದರೆ ಸಾಲದು. ಅದು ಕೂರುವ ಸ್ಟೀಲ್ ಬಟ್ಟಲು, ಕೆಳಗಿನ ತಗಡು ಎರಡರಲ್ಲೂ ಉಗುರು ಸಿಕ್ಕುವಷ್ಟು ಗೀರು ಇದ್ದರೆ ಪೂರ್ತಿ ಕಿಟ್ ಹಾಕಿ. ಹಳೆ ಇಂಪೆಲ್ಲರಿನ ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೂ ಆ ತುಂಡು ಎಲ್ಲೋ ಮುಂದೆ ಸಿಕ್ಕಿಕೊಂಡಿದೆ, ನೀರಿನ ಕೊಳವೆ, ಹೋಸು, ಥರ್ಮೋಸ್ಟಾಟ್ ಮನೆಯವರೆಗೆ ಹುಡುಕಿ ತೆಗೆಯದಿದ್ದರೆ ಹೊಸ ಪಂಪು ಹಾಕಿದರೂ ಕಾಯುತ್ತದೆ. ಆಲ್ಫಾ ಒನ್‌ನಲ್ಲಿ 1991ಕ್ಕೆ ಬಂದ ಎರಡನೇ ತಲೆಮಾರಿನ ಪಂಪು ಮೊದಲಿನದಕ್ಕಿಂತ ಬೇರೆ, ಕಿಟ್ ತರಿಸುವಾಗ ಯಾವುದೆಂದು ಹೇಳಿ.

ಹಳೆ ಬೋಟಿನ ಅನೋಡ್ ಕೂಡ ಒಮ್ಮೆ ನೋಡಿ, ಡ್ರೈವಿನ ಬದಲು ತಾನು ಸವೆಯಲೆಂದು ಕಟ್ಟಿದ ಲೋಹದ ತುಂಡು ಅದು. ಕಡಲಿನಿಂದ ಬಂದ ಬೋಟಿಗೆ ಸತುವಿನ ಅನೋಡ್ ಇರುತ್ತದೆ. ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಡ್ರೈವಿನ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಇಲ್ಲಿಗೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನದು ಬೇಕು.

ಗೇರಿನಿಂದ ತೆಗೆದರೆ ಇಂಜಿನ್ ಸಾಯುವುದು

ನ್ಯೂಟ್ರಲ್‌ಗೆ ತರುವಾಗ ಇಂಜಿನ್ ಬಂದಾಗುತ್ತದೆ, ಅಥವಾ ಲಿವರ್ ಕಲ್ಲಿನಂತೆ ಬಿಗಿ. ಕಾರ್ಬ್ಯುರೇಟರ್ ಬಿಚ್ಚಲು ಹೋಗಬೇಡಿ. ಹಲ್ಲಿನ ಕ್ಲಚ್ ಮೇಲಿನ ಬಿಗಿ ತಪ್ಪಿಸಲು, ಗೇರ್ ಬಿಡುವ ಕ್ಷಣದಲ್ಲಿ ಒಂದು ಸ್ವಿಚ್ಚು ಇಗ್ನಿಷನ್ನನ್ನು ಕಣ್ಣು ಮಿಟುಕಿಸುವಷ್ಟು ಕಾಲ ಕಡಿಯುತ್ತದೆ. ಡ್ರೈವ್‌ಗೆ ಹೋಗುವ ಕೆಳಗಿನ ಶಿಫ್ಟ್ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿಯಾದರೆ ಆ ಸ್ವಿಚ್ಚು ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತದೆ, ಇಂಜಿನ್ ಸಾಯುತ್ತದೆ. ಇಂಜಿನ್ ಮೇಲಿನ ಶಿಫ್ಟ್ ಪ್ಲೇಟ್ ನೋಡುತ್ತಾ ಇನ್ನೊಬ್ಬರಿಂದ ಲಿವರ್ ಆಡಿಸಿ. ಸ್ವಿಚ್ಚಿನ ರೋಲರ್ ತನ್ನ ತೋಡಿನ ನಡುವೆ ಮರಳಿ ಕೂರದಿದ್ದರೆ ಕೇಬಲ್ ಬದಲಿಸಿ. ಐಡಲ್ ಏರಿಸಿ ಇದನ್ನು ಮುಚ್ಚಿಹಾಕುವವರು ಪ್ರತಿ ಸಲ ಗೇರ್ ಹಾಕಿದಾಗಲೂ ಕ್ಲಚ್ಚಿನ ಹಲ್ಲಿಗೆ ಸುತ್ತಿಗೆ ಏಟು ಕೊಟ್ಟ ಹಾಗೆ. ಈ ಇಂಜಿನ್ನಿಗೆ ಗೇರಿನಲ್ಲಿ 700ರ ಆಸುಪಾಸು ಸುತ್ತು ಸಾಕು.

ಟ್ರಿಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಂಡಿ ಒತ್ತಿದಾಗ ರಿಲೇ ಟಿಕ್ ಅಂದು ಮೋಟಾರು ಸುಮ್ಮನಿದ್ದರೆ ಬ್ಯಾಟರಿ ತುದಿ, ದಪ್ಪ ಫ್ಯೂಸು, ರಿಲೇ ಕಾಂಟ್ಯಾಕ್ಟು ಈ ಕ್ರಮದಲ್ಲಿ ನೋಡಿ. ಡ್ರೈವನ್ನು ಪೂರ್ತಿ ಎತ್ತುವ ಟ್ರೇಲರ್ ಗುಂಡಿಯಲ್ಲಿ ಮಾತ್ರ ಅದು ಏರಿ, ಮಾಮೂಲಿ ಗುಂಡಿಯಲ್ಲಿ ಏರದಿದ್ದರೆ ಗಿಂಬಲ್ ರಿಂಗಿನ ಪಕ್ಕದ ಲಿಮಿಟ್ ಸ್ವಿಚ್ಚು ಅಥವಾ ಅದರ ವೈರು. ಮೋಟಾರು ತಿರುಗಿ ಡ್ರೈವ್ ಏರದಿದ್ದರೆ ಪಂಪಿನಲ್ಲಿ ಆಯಿಲ್ ಇದೆಯೋ ಮೊದಲು ನೋಡಿ.

ಕಟ್ಟುವಾಗ, ಕೊಳ್ಳುವಾಗ

ಶಾಫ್ಟಿನ ಹಲ್ಲಿಗೆ ಗ್ರೀಸ್, ಹೊಸ ಗ್ಯಾಸ್ಕೆಟ್, ಹೊಸ ಓ-ರಿಂಗ್, ಲಿವರ್ ಫಾರ್ವರ್ಡ್. ಆರು ನಟ್ಟುಗಳನ್ನು ಎದುರುಬದುರಾಗಿ 50 ಅಡಿ-ಪೌಂಡಿಗೆ, ಅಂದರೆ ಸುಮಾರು 68 ನ್ಯೂಟನ್ ಮೀಟರಿಗೆ ಬಿಗಿಯಿರಿ. ಆಯಿಲನ್ನು ಮೇಲಿನಿಂದ ಸುರಿಯಬಾರದು, ನಡುವೆ ಗಾಳಿ ಸಿಕ್ಕಿಕೊಂಡು ಡ್ರೈವ್ ತುಂಬಿದಂತೆ ಕಾಣುತ್ತದೆ. ಕೆಳಗಿನ ತೂತಿನಿಂದ ಪಂಪು ಮಾಡಿ, ಮೇಲಿನ ವೆಂಟಿನಲ್ಲಿ ಗುಳ್ಳೆಯಿಲ್ಲದ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪು ತೆಗೆದು ಕೆಳಗಿನದು. ಎರಡಕ್ಕೂ ವಾಶರ್ ಹೊಸದು. ಆಯಿಲ್ ಬೋಟಿನ ಗೇರಿಗೆಂದೇ ಬರುವುದಾಗಿರಲಿ.

ಗೇರ್ ಪುಡಿಯಾಗಿದ್ದರೆ ಹಳೆ ಡ್ರೈವ್ ಒಂದನ್ನು ಇಡಿಯಾಗಿ ಕೊಳ್ಳುವುದು ಅಗ್ಗ ಬೀಳಬಹುದು. ಕೊಳ್ಳುವ ಮೊದಲು ಗೇರಿಗೆ ಹಾಕಿ, ಮೇಲಿನ ಕ್ರಾಸಿಗೊಂದು, ಪಂಕದ ಶಾಫ್ಟಿಗೊಂದು ಗುರುತು ಹಾಕಿ ಕೈಯಿಂದ ತಿರುಗಿಸಿ. ಪಂಕ ಒಂದು ಸುತ್ತು ಬರುವಷ್ಟರಲ್ಲಿ ಮೇಲಿನದು ಸುಮಾರು ಎರಡು ಸುತ್ತು ಬಂದರೆ ನಾಲ್ಕು ಸಿಲಿಂಡರ್ ಇಂಜಿನ್ನಿಗೆ ಹೊಂದುತ್ತದೆ. ಒಂದೂವರೆ ಸುತ್ತಿಗೇ ಮುಗಿದರೆ ಅದು ವಿ-8 ಬೋಟಿನದು. ಬೋಲ್ಟೆಲ್ಲಾ ಸರಿಯಾಗಿ ಕೂರುತ್ತವೆ, ಆದರೆ ನಿಮ್ಮ ಇಂಜಿನ್ ಆ ಭಾರ ಎಳೆಯಲಾರದೆ ಪೂರ್ತಿ ಸುತ್ತಿಗೆ ಬರುವುದೇ ಇಲ್ಲ. ಮಾರುವವನು ಇದನ್ನು ಹೇಳುವುದಿಲ್ಲ.

ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ಬೋಟು ದಂಡೆಗೇರಿದರೆ ಡ್ರೈವನ್ನು ಎತ್ತಿ ನಿಲ್ಲಿಸಬೇಡಿ, ಪೂರ್ತಿ ಕೆಳಗಿಳಿಸಿಡಿ. ಎತ್ತಿಟ್ಟರೆ ಬೆಲ್ಲೋಸ್ ಒಂದು ಬದಿ ಹಿಗ್ಗಿ, ಒಂದು ಬದಿ ಮಡಿಚಿ, ಜುಲೈವರೆಗೆ ಬಿಸಿಲಿಗೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಮೇಲೊಂದು ತಾಡಪತ್ರಿ ಹೊದಿಸಿ. ಹೊಸ ನೀರು ಬಂದು ಮೊದಲ ಸಲ ಇಳಿಸುವ ಮೊದಲು ಟಾರ್ಚು ಹಿಡಿದು ಬೆಲ್ಲೋಸಿನ ಸುತ್ತ ಒಮ್ಮೆ ನೋಡಿ, ಗದ್ದೆಯ ಇಲಿಗೆ ಆ ರಬ್ಬರ್ ರುಚಿ ಹತ್ತಿದ್ದರೂ ಹತ್ತಿರಬಹುದು.